ಒಸಡು ಹಿಂದೆ ಸರಿದರೆ ಏನು ಮಾಡಬೇಕು? ಮೊದಲು ಕಾರಣ, ಆಮೇಲೆ ಚಿಕಿತ್ಸೆ

ದೊಡ್ಡವರಾದ ಮೇಲೆ ಹಲ್ಲು ಬೆಳೆಯುವುದಿಲ್ಲ. ಆದರೂ ಕೆಲವರಿಗೆ ಒಂದು ದಿನ ಕನ್ನಡಿಯಲ್ಲಿ ಕೋರೆಹಲ್ಲು ಮೊದಲಿಗಿಂತ ಉದ್ದ ಕಾಣಿಸುತ್ತದೆ. ಬುಡದಲ್ಲಿದ್ದ ಒಸಡು ಹಿಂದೆ ಸರಿದು, ಒಳಗೆ ಮುಚ್ಚಿಕೊಂಡಿದ್ದ ಬೇರು ಹೊರಗೆ ಬಂದಿರುತ್ತದೆ, ಅಷ್ಟೇ. ಇನ್ನು ಕೆಲವರಿಗೆ ಕಣ್ಣಿಗೆ ಕಾಣುವ ಮುಂಚೆ ತಣ್ಣೀರೇ ಸುಳಿವು ಕೊಡುತ್ತದೆ. ಒಂದು ಗುಟುಕು ಕುಡಿದರೆ ಸಾಕು, ಯಾವುದೋ ಒಂದು ಹಲ್ಲಿನ ಬುಡ ಜುಮ್ ಅಂದು ಎರಡು ಕ್ಷಣದಲ್ಲಿ ಸುಮ್ಮನಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸರಿದ ಒಸಡು ತಾನಾಗಿ ವಾಪಸ್ ಬರುವುದಿಲ್ಲ. ಕತ್ತರಿಸಿದ ಉಗುರಿನ ಹಾಗೆ ಅದು ಮತ್ತೆ ಬೆಳೆಯುವುದಿಲ್ಲ. ಪೇಸ್ಟ್, ಎಣ್ಣೆ, ಪುಡಿ, ಮಸಾಜ್, ಯಾವುದರಿಂದಲೂ ಆ ಕೆಲಸ ಆಗುವುದಿಲ್ಲ. ಒಂದು ತಿಂಗಳಲ್ಲಿ ಒಸಡು ಬೆಳೆಸಿಕೊಡುತ್ತೇವೆ ಎನ್ನುವ ಜಾಹೀರಾತು ಕಂಡರೆ ಸುಮ್ನೆ ಮುಂದೆ ಹೋಗಿ. ಹಾಗಂತ ಗಾಬರಿ ಬೀಳಬೇಕಾಗಿಯೂ ಇಲ್ಲ. ಕಾರಣ ಹುಡುಕಿ ನಿಲ್ಲಿಸಿದರೆ, ಸರಿದ ಒಸಡು ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಅಲ್ಲೇ ನಿಂತಿರುತ್ತದೆ.

ತೊಡಕು ಇರುವುದು ಆ ಕಾರಣದಲ್ಲೇ. ಸರಿಯಾಗಿ ಉಜ್ಜದೆ ಒಸಡು ಕಳೆದುಕೊಳ್ಳುವವರಿದ್ದಾರೆ, ವಿಪರೀತ ಉಜ್ಜಿ ಕಳೆದುಕೊಳ್ಳುವವರೂ ಇದ್ದಾರೆ. ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಒಬ್ಬರಿಗಂತೂ ಕೆಟ್ಟದ್ದೇ ಆಗುತ್ತದೆ. ಹಾಗಾಗಿ ನೀವು ಯಾವ ಗುಂಪಿನವರು ಎಂದು ತಿಳಿದುಕೊಳ್ಳುವುದೇ ಮೊದಲ ಕೆಲಸ.

ಹಂತ 1: ಬೆಳಕಿನಲ್ಲಿ ನಿಂತು ನೋಡಿಕೊಳ್ಳಿ

ಕೈ ತೊಳೆದುಕೊಂಡು ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಮುಂದೆ ನಿಲ್ಲಿ. ಬೆರಳಿನಿಂದ ತುಟಿ ಎತ್ತಿ ಹಿಡಿದು ಮೇಲಿನ ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲುಗಳನ್ನು ನೋಡಿ. ಒಸಡು ಸರಿದಿದ್ದರೆ ಹಲ್ಲಿನ ಬಿಳಿ ಭಾಗ ಮುಗಿಯುವಲ್ಲಿ ಸಣ್ಣದೊಂದು ಗೆರೆ ಕಾಣುತ್ತದೆ. ಆ ಗೆರೆಗೂ ಒಸಡಿಗೂ ನಡುವೆ ಇರುವ ಪಟ್ಟಿ ಸ್ವಲ್ಪ ಹಳದಿ. ಅದೇ ಬೇರು. ಉಗುರನ್ನು ಹಲ್ಲಿನ ಮೇಲಿಂದ ಒಸಡಿನ ಕಡೆಗೆ ಮೆಲ್ಲಗೆ ಎಳೆದರೆ ಗೆರೆಯ ಹತ್ತಿರ ತಟಕ್ ಎಂದು ತಡೆಯಬಹುದು. ಕೆಲವರಲ್ಲಿ ಅಲ್ಲಿ ಚಾಕುವಿನಿಂದ ಕೆತ್ತಿದ ಹಾಗೆ ಸಣ್ಣ ಕಚ್ಚೇ ಬಿದ್ದಿರುತ್ತದೆ.

ಆಮೇಲೆ ಕೆಳಗಿನ ಮುಂದಿನ ಹಲ್ಲುಗಳ ಹೊರಬದಿ ನೋಡಿ. ಅವುಗಳ ಒಳಬದಿಯನ್ನು ನಾಲಗೆಯಿಂದ ಸವರಿ. ಅಲ್ಲಿ ಒರಟೊರಟಾಗಿ ತಾಗಿದರೆ ಅದು ಹಲ್ಲಲ್ಲ, ಕಿಟ್ಟ, ಅಂದರೆ ಹಲ್ಲಿಗೆ ಗಟ್ಟಿಯಾಗಿ ಅಂಟಿಕೊಂಡ ಕೊಳೆ. ಜೊಲ್ಲಿನ ಗ್ರಂಥಿಗಳ ಬಾಯಿ ಅಲ್ಲೇ ಹತ್ತಿರದಲ್ಲಿ ತೆರೆದುಕೊಳ್ಳುವುದರಿಂದ ಆ ಜಾಗದಲ್ಲಿ ಕಿಟ್ಟ ಬೇಗ ಕಟ್ಟುತ್ತದೆ.

ನೋಡಿದ್ದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ತುಟಿ ಎತ್ತಿ ಹಿಡಿಯುವುದಕ್ಕೆ ಇನ್ನೊಬ್ಬರು ಬೇಕಾಗಬಹುದು. ಒಸಡು ಸರಿಯುವುದು ಎಷ್ಟು ನಿಧಾನ ಎಂದರೆ, ದಿನಾ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಆರು ತಿಂಗಳ ನಂತರ ಅದೇ ಬೆಳಕಿನಲ್ಲಿ ಇನ್ನೊಂದು ಫೋಟೋ ತೆಗೆದು ಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ.

ಹಂತ 2: ನಿಮ್ಮದು ಯಾವ ಗುಂಪು?

ಜೋರಾಗಿ ಉಜ್ಜುವವರ ಬಾಯಿ ನೋಡಲು ಚೆನ್ನಾಗಿಯೇ ಇರುತ್ತದೆ. ಹಲ್ಲು ಫಳಫಳ, ಒಸಡು ಗುಲಾಬಿ ಬಣ್ಣ, ರಕ್ತ ಬರುವುದಿಲ್ಲ, ವಾಸನೆ ಇಲ್ಲ. ಒಸಡು ಸರಿದಿರುವುದು ಹಲ್ಲಿನ ಹೊರಬದಿಯಲ್ಲಿ ಮಾತ್ರ. ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲುಗಳಲ್ಲಿ ಜಾಸ್ತಿ, ಏಕೆಂದರೆ ಹಲ್ಲಿನ ಸಾಲು ಅಲ್ಲಿ ತಿರುವು ತೆಗೆದುಕೊಳ್ಳುತ್ತದೆ, ಬ್ರಷ್ಷಿನ ಪೆಟ್ಟು ಅಲ್ಲೇ ಬೀಳುತ್ತದೆ. ಬಲಗೈಯಲ್ಲಿ ಉಜ್ಜುವವರಿಗೆ ಎಡಗಡೆ ಹೆಚ್ಚು ಸರಿದಿರುವುದೂ ಉಂಟು. ಇವರ ಬ್ರಷ್ ನೋಡಿದರೇ ಸಾಕು. ಎಳೆಗಳು ಒಂದೆರಡು ತಿಂಗಳಲ್ಲೇ ಎರಡೂ ಕಡೆಗೆ ಕೆದರಿಕೊಂಡಿರುತ್ತವೆ.

ಎರಡನೆಯ ಗುಂಪು ಒಸಡಿನ ಕಾಯಿಲೆಯವರದು. ಉಜ್ಜುವಾಗ ಅಥವಾ ಏನಾದರೂ ಕಚ್ಚುವಾಗ ರಕ್ತ ಬರುತ್ತದೆ. ಒಸಡು ಕೆಂಪಗೆ ಊದಿರುತ್ತದೆ. ಬಾಯಿ ವಾಸನೆ ಇರುತ್ತದೆ. ಹೊರಬದಿಯಲ್ಲಿ ಮಾತ್ರವಲ್ಲ, ಹಲ್ಲುಗಳ ನಡುವೆಯೂ ಒಸಡು ತಗ್ಗಿ ಕಪ್ಪು ತ್ರಿಕೋನದಂಥ ಸಂದಿ ಕಾಣುತ್ತದೆ. ಇಲ್ಲಿ ನಡೆಯುವುದು ಹೀಗೆ. ಹಲ್ಲಿನ ಮೇಲೆ ದಿನಾ ಕೂರುವ ಮೆತ್ತನೆಯ ಪಾಚಿಯನ್ನು ತೆಗೆಯದಿದ್ದರೆ, ಜೊಲ್ಲಿನಲ್ಲಿರುವ ಖನಿಜಗಳು ಸೇರಿ ಅದು ಎರಡು ಮೂರು ದಿನಗಳಲ್ಲೇ ಗಟ್ಟಿಯಾಗಲು ಶುರುವಾಗುತ್ತದೆ. ಗಟ್ಟಿಯಾದ ಮೇಲೆ ಬ್ರಷ್ಷಿಗೆ ಜಗ್ಗುವುದಿಲ್ಲ. ಕಿಟ್ಟದ ಒರಟು ಮೈಮೇಲೆ ಇನ್ನಷ್ಟು ಪಾಚಿ ಕೂರುತ್ತದೆ, ಒಸಡಿನ ಒಳಕ್ಕೂ ಇಳಿಯುತ್ತದೆ. ಅದರಲ್ಲಿರುವ ಬ್ಯಾಕ್ಟೀರಿಯಾಗಳ ವಿರುದ್ಧ ನಮ್ಮ ದೇಹ ನಡೆಸುವ ಹೋರಾಟದಲ್ಲೇ ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತಾ ಹೋಗುತ್ತದೆ. ಮೂಳೆ ಇಳಿದರೆ ಒಸಡೂ ಇಳಿಯುತ್ತದೆ. ಇಷ್ಟೆಲ್ಲ ಆಗುವಾಗ ಹೆಚ್ಚಿನವರಿಗೆ ನೋವೇ ಇರುವುದಿಲ್ಲ. ಅದೇ ದೊಡ್ಡ ತೊಂದರೆ.

ಸಿಗರೇಟು ಸೇದುವವರು ಒಂದು ವಿಷಯ ಗಮನಿಸಬೇಕು. ಹೊಗೆಯಿಂದ ಒಸಡಿನ ರಕ್ತನಾಳಗಳು ಕುಗ್ಗುವುದರಿಂದ ಕಾಯಿಲೆ ಇದ್ದರೂ ರಕ್ತ ಬರುವುದು ಕಡಿಮೆ. "ನನಗೆ ರಕ್ತ ಬರಲ್ಲ, ಒಸಡು ಚೆನ್ನಾಗಿದೆ" ಎನ್ನುವ ಲೆಕ್ಕ ಇವರಿಗೆ ಹೊಂದುವುದಿಲ್ಲ. ತಂಬಾಕನ್ನು ಕೆನ್ನೆ ಅಥವಾ ತುಟಿಯ ಸಂದಿಯಲ್ಲಿ ಇಟ್ಟುಕೊಳ್ಳುವವರಿಗೆ ಸರಿಯಾಗಿ ಆ ಜಾಗದಲ್ಲೇ ಒಸಡು ಸರಿಯುತ್ತದೆ. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರಿಗೂ ಒಸಡಿನ ಕಾಯಿಲೆ ಜಾಸ್ತಿ ಕಾಡುತ್ತದೆ.

ಈ ಎರಡರ ಜೊತೆ ಹುಟ್ಟಿನಿಂದ ಬಂದ ಕಾರಣಗಳೂ ಸೇರಿಕೊಳ್ಳುತ್ತವೆ. ಕೆಲವರ ಒಸಡೇ ತೆಳು. ಕೆಲವರ ಹಲ್ಲು ಸಾಲು ಬಿಟ್ಟು ಹೊರಕ್ಕೆ ಚಾಚಿರುತ್ತದೆ, ಅಂಥ ಹಲ್ಲಿನ ಮುಂದೆ ಮೂಳೆ ಕಾಗದದಷ್ಟು ತೆಳ್ಳಗಿರುತ್ತದೆ ಅಥವಾ ಇರುವುದೇ ಇಲ್ಲ. ಕ್ಲಿಪ್ ಹಾಕಿ ಹಲ್ಲನ್ನು ಹೊರಕ್ಕೆ ತಳ್ಳಿದಾಗಲೂ ಹೀಗಾಗಬಹುದು. ತುಟಿಯ ಒಳಗಿನ ಎಳೆ ಒಸಡನ್ನು ಎಳೆಯುವುದು, ತುಟಿ ಅಥವಾ ನಾಲಗೆಗೆ ಚುಚ್ಚಿಸಿದ ಆಭರಣ ಉಜ್ಜುವುದು, ಸರಿಯಾಗಿ ಕೂರದ ಕಟ್ಟುಹಲ್ಲು, ಇವೂ ಇವೆ. ವಯಸ್ಸನ್ನು ಮಾತ್ರ ಸುಮ್ನೆ ದೂರುತ್ತಾರೆ ಅನಿಸುತ್ತದೆ. ವಯಸ್ಸಾದವರಲ್ಲಿ ಹೆಚ್ಚು ಕಾಣುವುದು ನಿಜ, ಆದರೆ ಅದು ಅಷ್ಟು ವರ್ಷಗಳ ಉಜ್ಜಾಟ, ಕಿಟ್ಟ, ಹೊಗೆ ಎಲ್ಲ ಸೇರಿದ ಲೆಕ್ಕ.

ಎರಡೂ ಗುಂಪಿಗೆ ಸೇರುವವರೂ ಇದ್ದಾರೆ. ಹೊರಬದಿಯನ್ನು ತಿಕ್ಕಿ ತಿಕ್ಕಿ ಸವೆಸಿ, ಒಳಬದಿ ಮತ್ತು ಸಂದಿಗಳನ್ನು ಮುಟ್ಟದೆ ಬಿಡುವವರು.

ಹಂತ 3: ಹಲ್ಲಿನ ಡಾಕ್ಟರ ಹತ್ತಿರ ಅಳತೆ ಮಾಡಿಸಿ

ಮನೆಯಲ್ಲಿ ನೋಡಿಕೊಂಡಿದ್ದು ಅರ್ಧ ಮಾತ್ರ. ಒಸಡಿನ ಒಳಗೆ ಏನಾಗಿದೆ ಎಂದು ಕನ್ನಡಿ ಹೇಳುವುದಿಲ್ಲ. ಡಾಕ್ಟರು ಮಿಲಿಮೀಟರ್ ಗುರುತಿರುವ ತೆಳು ಕಡ್ಡಿಯನ್ನು ಒಸಡು ಮತ್ತು ಹಲ್ಲಿನ ನಡುವೆ ಮೆಲ್ಲಗೆ ಇಳಿಸಿ ನೋಡುತ್ತಾರೆ. ಒಂದೊಂದು ಹಲ್ಲಿಗೂ ಆರು ಕಡೆ ಅಳೆಯುವುದು ವಾಡಿಕೆ. 1ರಿಂದ 3 ಮಿ.ಮೀ. ಬಂದರೆ ಸರಿ. 4 ಅಥವಾ ಅದಕ್ಕಿಂತ ಹೆಚ್ಚು ಬಂದು ಜೊತೆಗೆ ರಕ್ತವೂ ಕಂಡರೆ, ಅಲ್ಲಿ ಬ್ರಷ್ ತಲುಪದ ಗುಂಡಿ ಆಗಿದೆ ಎಂದು ಲೆಕ್ಕ. ಮೂಳೆ ಎಷ್ಟು ಇಳಿದಿದೆ ಎಂದು ನೋಡಲು ಎಕ್ಸ್‌ರೇ ಬೇಕು.

ಸುಮ್ನೆ "ಒಸಡು ಸರಿದಿದೆ" ಎಂದಷ್ಟೇ ಕೇಳಿಸಿಕೊಂಡು ಬರಬೇಡಿ. ಎಷ್ಟು ಮಿ.ಮೀ. ಸರಿದಿದೆ, ಗುಂಡಿ ಎಷ್ಟು ಆಳ, ಹಲ್ಲುಗಳ ನಡುವಿನ ಮೂಳೆ ಉಳಿದಿದೆಯಾ, ಹಲ್ಲು ಅಲ್ಲಾಡುತ್ತಿದೆಯಾ, ಇಷ್ಟು ಕೇಳಿ ಬರೆಸಿಕೊಳ್ಳಿ. ಮುಂದಿನ ಸಲ ಹೋದಾಗ ಹೋಲಿಸಿ ನೋಡಲು ಆ ಅಂಕಿಗಳೇ ಬೇಕು. ವಿಷಯ ಸ್ವಲ್ಪ ಗಂಭೀರ ಅನಿಸಿದರೆ ಒಸಡಿನ ತಜ್ಞರ ಬಳಿ ಕಳಿಸುತ್ತಾರೆ. ಅವರಿಗೆ ಪೆರಿಯೊಡಾಂಟಿಸ್ಟ್ ಎನ್ನುತ್ತಾರೆ.

ಕಿಟ್ಟ ಇದ್ದರೆ ಕ್ಲೀನಿಂಗ್ ಮಾಡಿಸಲೇಬೇಕು. ಗುಂಡಿ ಆಳವಿದ್ದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬೇರಿನ ಮೇಲಿನ ಕಿಟ್ಟವನ್ನೂ ತೆಗೆಯುತ್ತಾರೆ. ಇಲ್ಲಿ ಬಹಳ ಜನ ಹೇಳುವ ಒಂದು ಮಾತಿದೆ: ಕ್ಲೀನಿಂಗ್ ಮಾಡಿಸಿದ ಮೇಲೆಯೇ ಹಲ್ಲಿನ ನಡುವೆ ಸಂದಿ ಬಂತು, ಹಲ್ಲು ಸಡಿಲವಾಯಿತು ಎಂದು. ಅವರಿಗೆ ಕಂಡಿದ್ದು ನಿಜವೇ. ಆದರೆ ಆ ಸಂದಿ ಮೊದಲೇ ಇತ್ತು. ಅದನ್ನು ಕಿಟ್ಟ ತುಂಬಿಕೊಂಡಿತ್ತು, ಊದಿದ ಒಸಡು ಮುಚ್ಚಿಕೊಂಡಿತ್ತು. ಕಿಟ್ಟ ಹೋಗಿ ಊತ ಇಳಿದ ಮೇಲೆ ಕಾಯಿಲೆ ಮಾಡಿಟ್ಟ ನಷ್ಟ ಕಣ್ಣಿಗೆ ಬೀಳುತ್ತದೆ. ಬೇರು ಹೊರಬಂದಿರುವುದರಿಂದ ಒಂದೆರಡು ವಾರ ಜುಮ್ ಅನ್ನುವುದೂ ಜಾಸ್ತಿ ಇರಬಹುದು. ಇದನ್ನು ಮೊದಲೇ ತಿಳಿದುಕೊಂಡು ಹೋದರೆ ಆಮೇಲೆ ಡಾಕ್ಟರ ಮೇಲೆ ಸಿಟ್ಟು ಬರುವುದಿಲ್ಲ. ಕಿಟ್ಟ ಹಲ್ಲನ್ನು ಹಿಡಿದಿಟ್ಟಿರುತ್ತದೆ ಎಂದು ನಂಬಿ ಬಿಟ್ಟವರ ಹಲ್ಲು ಕೊನೆಗೆ ತಾನೇ ಕಳಚಿ ಬರಬಹುದು.

ಒಸಡಿನ ಕಾಯಿಲೆ ಇದ್ದವರು ಒಮ್ಮೆ ಕ್ಲೀನಿಂಗ್ ಮಾಡಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಅಂಥವರನ್ನು ಸಾಮಾನ್ಯವಾಗಿ 3–4 ತಿಂಗಳಿಗೊಮ್ಮೆ ಬರಹೇಳುತ್ತಾರೆ.

ಹಂತ 4: ಉಜ್ಜುವ ಕೈಯನ್ನು ಬದಲಿಸಿ

ಬ್ರಷ್ ಮೆತ್ತನೆಯದೇ ಬೇಕು. ಹೊದಿಕೆಯ ಮೇಲೆ "ಸಾಫ್ಟ್" ಅಥವಾ "ಎಕ್ಸ್‌ಟ್ರಾ ಸಾಫ್ಟ್" ಎಂದಿರಲಿ, ತಲೆ ಚಿಕ್ಕದಿರಲಿ. ಗಟ್ಟಿ ಬ್ರಷ್ಷಿನಿಂದ ಚೆನ್ನಾಗಿ ಸ್ವಚ್ಛವಾಗುತ್ತದೆ ಎನ್ನುವುದು ಬರೀ ಭ್ರಮೆ. ತೆಗೆಯಬೇಕಿರುವುದು ಮೆತ್ತನೆಯ ಪಾಚಿ, ಅದಕ್ಕೆ ಜೋರು ಬೇಕಿಲ್ಲ. ಗಟ್ಟಿ ಕಿಟ್ಟ ಎಷ್ಟು ಜೋರು ಹಾಕಿದರೂ ಬರುವುದಿಲ್ಲ.

ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಪೆನ್ನು ಹಿಡಿಯುವ ಹಾಗೆ ಬೆರಳ ತುದಿಯಲ್ಲಿ ಹಿಡಿಯಿರಿ. ಇದೊಂದರಿಂದಲೇ ಒತ್ತಡ ಬಹಳ ಇಳಿಯುತ್ತದೆ, ಏಕೆಂದರೆ ಹಾಗೆ ಹಿಡಿದಾಗ ಭುಜದ ಬಲ ಬ್ರಷ್ಷಿಗೆ ಬರುವುದಿಲ್ಲ. ಎಳೆಗಳನ್ನು ಒಸಡು ಮತ್ತು ಹಲ್ಲು ಸೇರುವ ಅಂಚಿಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಇಡಿ. ಒತ್ತಿದಾಗ ಒಸಡಿನ ಬಣ್ಣ ಬಿಳಿಚಿಕೊಂಡರೆ ಒತ್ತಡ ಜಾಸ್ತಿ ಆಯಿತು.

ಇಲ್ಲಿಂದ ಮುಂದೆ ಎರಡು ಗುಂಪಿಗೂ ಬೇರೆ ಬೇರೆ. ಒಸಡಿನ ಕಾಯಿಲೆಯವರು ಎಳೆಗಳ ತುದಿ ಒಸಡಿನ ಅಂಚಿನೊಳಗೆ ಸ್ವಲ್ಪ ಹೋಗುವಂತೆ ಇಟ್ಟು, ಬ್ರಷ್ಷನ್ನು ಅಲ್ಲೇ ಹತ್ತಿಪ್ಪತ್ತು ಸಲ ಚಿಕ್ಕದಾಗಿ ಅಲುಗಿಸಬೇಕು. ಬ್ರಷ್ ಜಾಗ ಬಿಟ್ಟು ಕದಲಬಾರದು, ಎಳೆಗಳು ಮಾತ್ರ ಕಂಪಿಸಬೇಕು. ಆಮೇಲೆ ಪಕ್ಕದ ಎರಡು ಹಲ್ಲಿಗೆ ಹೋಗಿ. ಜೋರಾಗಿ ಉಜ್ಜಿ ಒಸಡು ಕಳೆದುಕೊಂಡವರು ಹೀಗೆ ಅಂಚಿನಲ್ಲಿ ಜಾಸ್ತಿ ಹೊತ್ತು ಅಲುಗಿಸುವುದೂ ಬೇಡ. ಎಳೆಗಳನ್ನು ಒಸಡಿನ ಮೇಲೆ ಇಟ್ಟು, ಹಲ್ಲಿನ ಕಡೆಗೆ ಒಂದೇ ದಿಕ್ಕಿನಲ್ಲಿ ಉರುಳಿಸಿ. ಮೇಲಿನ ಹಲ್ಲಿಗೆ ಮೇಲಿಂದ ಕೆಳಕ್ಕೆ, ಕೆಳಗಿನ ಹಲ್ಲಿಗೆ ಕೆಳಗಿಂದ ಮೇಲಕ್ಕೆ. ಅಡ್ಡಡ್ಡ ಉಜ್ಜುವುದು ಯಾರಿಗೂ ಬೇಡ.

ಒಟ್ಟು 2 ನಿಮಿಷ, ದಿನಕ್ಕೆ ಎರಡು ಸಲ. ಶುರುವಿನಲ್ಲಿ ಎಲ್ಲರ ಕೈಯೂ ಜೋರಾಗಿರುತ್ತದೆ, ಹಾಗಾಗಿ ಒಸಡು ಸರಿದ ಜಾಗದಿಂದ ಶುರು ಮಾಡಬೇಡಿ. ಒಳಬದಿಯಿಂದ ಶುರು ಮಾಡಿ. ಎಷ್ಟು ಪ್ರಯತ್ನಿಸಿದರೂ ಕೈ ಮಾತು ಕೇಳದಿದ್ದರೆ, ಒತ್ತಡ ಹೆಚ್ಚಾದಾಗ ಎಚ್ಚರಿಸುವ ಎಲೆಕ್ಟ್ರಿಕ್ ಬ್ರಷ್ ಒಳ್ಳೆಯದು. ಬ್ರಷ್ಷನ್ನು 3 ತಿಂಗಳಿಗೊಮ್ಮೆ ಬದಲಿಸಿ, ಎಳೆ ಕೆದರಿದರೆ ಇನ್ನೂ ಬೇಗ.

ಪೇಸ್ಟ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಫ್ಲೋರೈಡ್ ಇರಲಿ, 1000ದಿಂದ 1500 ಪಿಪಿಎಂ. "ಬಿಳುಪು" ಎಂದು ಮಾರುವ ಪೇಸ್ಟುಗಳಲ್ಲಿ ಕೆಲವು ಜಾಸ್ತಿ ಒರಟು, ಇದ್ದಿಲಿನ ಪೇಸ್ಟ್ ಮತ್ತು ಒರಟು ಹಲ್ಲುಪುಡಿಗಳೂ ಹಾಗೇ. ಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮಲ್, ಅದನ್ನು ತಡೆದುಕೊಳ್ಳಬಹುದು, ಬೇರು ತಡೆದುಕೊಳ್ಳುವುದಿಲ್ಲ. ಒಸಡು ಸರಿದವರು ಇವನ್ನು ಬಿಟ್ಟುಬಿಡುವುದು ಒಳ್ಳೆಯದು.

ಸಂದಿಗಳಿಗೆ ಬ್ರಷ್ ತಲುಪುವುದಿಲ್ಲ. ಹಲ್ಲುಗಳು ಒತ್ತಾಗಿದ್ದರೆ ದಾರ, ಸಂದಿ ದೊಡ್ಡದಾಗಿದ್ದರೆ ಪುಟ್ಟ ಸಂದಿ ಬ್ರಷ್. ಸಂದಿ ಬ್ರಷ್ ಅಳತೆ ಸರಿಯಾಗಿರಬೇಕು, ಒಳಗೆ ಹೋಗುವಾಗ ಸ್ವಲ್ಪ ಬಿಗಿ ಅನಿಸಬೇಕು, ತಳ್ಳಬೇಕಾಗಿ ಬರಬಾರದು. ಅಳತೆಯನ್ನು ಡಾಕ್ಟರ ಹತ್ತಿರವೇ ಕೇಳಿ. ದಾರವನ್ನು ಗಕ್ಕನೆ ಕೆಳಗೆಳೆದರೆ ಒಸಡು ಕೊಯ್ಯುತ್ತದೆ. ಹಿಂದೆ ಮುಂದೆ ಆಡಿಸುತ್ತಾ ಇಳಿಸಿ, ಹಲ್ಲಿಗೆ ಸುತ್ತಿ ಮೇಲಕ್ಕೆ ಕೆಳಕ್ಕೆ ಸವರಿ.

ಹಂತ 5: ಬರಿದಾದ ಬೇರನ್ನು ಕಾಪಾಡಿ

ಹಲ್ಲಿನ ಮೇಲ್ಭಾಗಕ್ಕೆ ಎನಾಮಲ್ ಇದೆ, ದೇಹದಲ್ಲೇ ಅತಿ ಗಟ್ಟಿ ವಸ್ತು. ಬೇರಿನ ಮೇಲೆ ಅದಿಲ್ಲ. ಅಲ್ಲಿರುವ ತೆಳು ಪದರ ಬೇಗ ಸವೆದು, ಒಳಗಿನ ಡೆಂಟೀನ್ ಹೊರಗೆ ಬರುತ್ತದೆ. ಡೆಂಟೀನಿನ ತುಂಬ ಕಣ್ಣಿಗೆ ಕಾಣದ ಸಣ್ಣ ಕೊಳವೆಗಳು, ಕೊಳವೆಗಳಲ್ಲಿ ದ್ರವ. ತಣ್ಣನೆಯದೋ ಸಿಹಿಯೋ ಹುಳಿಯೋ ತಾಗಿದಾಗ ಆ ದ್ರವ ಚಲಿಸಿ ನರಕ್ಕೆ ಮುಟ್ಟಿಸುತ್ತದೆ. ಜುಮ್ ಅನ್ನುವುದು ಅದೇ.

ಸೆನ್ಸಿಟಿವ್ ಪೇಸ್ಟುಗಳು ಎರಡು ಥರ ಕೆಲಸ ಮಾಡುತ್ತವೆ. ಪೊಟ್ಯಾಸಿಯಂ ನೈಟ್ರೇಟ್ ಇರುವುದು ನರವನ್ನು ಸುಮ್ಮನಾಗಿಸುತ್ತದೆ. ಸ್ಟ್ಯಾನಸ್ ಫ್ಲೋರೈಡ್ ಅಥವಾ ಆರ್ಜಿನಿನ್ ಇರುವುದು ಕೊಳವೆಗಳ ಬಾಯಿ ಮುಚ್ಚುತ್ತದೆ. ನಾಲ್ಕು ದಿನ ಬಳಸಿ "ಏನೂ ಆಗಲಿಲ್ಲ" ಎಂದು ಬಿಟ್ಟುಬಿಡುವವರೇ ಜಾಸ್ತಿ. 2ರಿಂದ 4 ವಾರ ಬಿಡದೆ ಬಳಸಬೇಕು. ಉಜ್ಜಿದ ಮೇಲೆ ಉಗಿಯಿರಿ, ನೀರಿನಿಂದ ಗಳಗಳ ಮುಕ್ಕಳಿಸಬೇಡಿ, ಮದ್ದೆಲ್ಲ ಹೋಗಿಬಿಡುತ್ತದೆ. ಮಲಗುವ ಮುಂಚೆ ಜುಮ್ ಅನ್ನುವ ಜಾಗಕ್ಕೆ ಬೆರಳಲ್ಲಿ ಸ್ವಲ್ಪ ಪೇಸ್ಟ್ ಸವರಿ ಬಿಟ್ಟರೂ ಆಗುತ್ತದೆ. ಅದಕ್ಕೂ ಬಗ್ಗದಿದ್ದರೆ ಡಾಕ್ಟರು ಫ್ಲೋರೈಡ್ ವಾರ್ನಿಷ್ ಹಚ್ಚುತ್ತಾರೆ. ಕಚ್ಚು ಬಿದ್ದಿದ್ದರೆ ಹಲ್ಲಿನ ಬಣ್ಣದ ಸಿಮೆಂಟ್ ತುಂಬುತ್ತಾರೆ.

ಜುಮ್ ಅನ್ನುವುದಕ್ಕಿಂತ ಹೆಚ್ಚು ಜಾಗ್ರತೆ ಬೇಕಾಗಿರುವುದು ಬೇರಿನ ಹುಳುಕಿಗೆ. ಬಾಯಿಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 5.5ರ ಆಸುಪಾಸಿಗೆ ಇಳಿದಾಗ ಎನಾಮಲ್ ಕರಗಲು ಶುರುವಾಗುತ್ತದೆ. ಬೇರು 6.2ರಿಂದ 6.7ರಲ್ಲೇ ಕರಗುತ್ತದೆ, ಅಂದರೆ ತೀರಾ ಕಡಿಮೆ ಹುಳಿಗೇ. ಸಿಹಿಯನ್ನು ಸ್ವಲ್ಪ ಸ್ವಲ್ಪ ದಿನವಿಡೀ ತಿನ್ನುವುದು, ಸೋಡಾ ಮತ್ತು ಹುಳಿ ಪಾನೀಯವನ್ನು ಗುಟುಕು ಗುಟುಕಾಗಿ ಗಂಟೆಗಟ್ಟಲೆ ಹೀರುವುದು, ಇವೆರಡನ್ನು ಕಡಿಮೆ ಮಾಡಿ. ಹುಳಿ ಕುಡಿದ ಮೇಲೆ ನೀರು ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಹಾಗಾಗುತ್ತಿದ್ದರೆ ಡಾಕ್ಟರಿಗೆ ಹೇಳಿ, ಜಾಸ್ತಿ ಫ್ಲೋರೈಡ್ ಇರುವ ಪೇಸ್ಟ್ ಬರೆದುಕೊಡಬಹುದು.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬಗ್ಗೆ ಒಂದು ಮಾತು. ಒಸಡಿಗೆ ಒಳ್ಳೆಯದೆಂದು ತಿಂಗಳುಗಟ್ಟಲೆ ಹಾಕಿಕೊಳ್ಳುವವರಿದ್ದಾರೆ. ಅದರಿಂದ ಹಲ್ಲಿಗೆ ಕಂದು ಕಲೆ ಕೂರುತ್ತದೆ, ನಾಲಗೆಯ ರುಚಿ ಕೆಡುತ್ತದೆ. ಡಾಕ್ಟರು ಹೇಳಿದಷ್ಟು ದಿನ ಸಾಕು, ಸಾಮಾನ್ಯವಾಗಿ ಎರಡು ವಾರ.

ಹಂತ 6: ಆಪರೇಷನ್ ಬೇಕಾ?

ಎಲ್ಲರಿಗೂ ಬೇಡ. 1–2 ಮಿ.ಮೀ. ಸರಿದು ಅಲ್ಲೇ ನಿಂತಿದೆ, ಜುಮ್ ಅನ್ನುವುದಿಲ್ಲ, ನಕ್ಕಾಗ ಕಾಣುವುದಿಲ್ಲ ಎಂದರೆ ಅದನ್ನು ಅದರ ಪಾಡಿಗೆ ಬಿಟ್ಟು ಅಳೆಯುತ್ತಿದ್ದರೆ ಸಾಕು. ಎಲ್ಲ ಸರಿ ಮಾಡಿಕೊಂಡ ಮೇಲೂ ಸರಿಯುತ್ತಲೇ ಇದ್ದರೆ, ಗಟ್ಟಿ ಒಸಡು ಪೂರ್ತಿ ಹೋಗಿ ಬ್ರಷ್ ತಾಗಿಸಿದರೆ ನೋಯುತ್ತಿದ್ದರೆ, ಪೇಸ್ಟಿಗೂ ವಾರ್ನಿಷ್ಷಿಗೂ ಜುಮ್ ನಿಲ್ಲದಿದ್ದರೆ, ಅಥವಾ ಮುಂದಿನ ಹಲ್ಲು ನೋಡಲು ಬೇಸರವಾಗುತ್ತಿದ್ದರೆ ಕಸಿಯ ಬಗ್ಗೆ ಕೇಳಬಹುದು. ತೆಳು ಒಸಡಿನವರಿಗೆ ಕ್ಲಿಪ್ ಹಾಕುವ ಮುಂಚೆಯೂ ಕೆಲವೊಮ್ಮೆ ಮಾಡುತ್ತಾರೆ.

ಹೆಚ್ಚಾಗಿ ಮಾಡುವುದು ಹೀಗೆ. ಅಂಗುಳದಿಂದ ಸಣ್ಣ ತುಂಡು ಅಂಗಾಂಶ ತೆಗೆದು, ಬರಿದಾದ ಬೇರಿನ ಮೇಲಿಟ್ಟು, ಪಕ್ಕದ ಒಸಡನ್ನು ಸಡಿಲಿಸಿ ಅದರ ಮೇಲೆ ಎಳೆದು ಹೊಲಿಯುತ್ತಾರೆ. ಮರಗಟ್ಟಿಸಿ ಮಾಡುವುದರಿಂದ ಆಗ ನೋವಿಲ್ಲ. ಆಮೇಲೆ ಕೆಲವು ದಿನ ಹೊಲಿದ ಜಾಗಕ್ಕಿಂತ ಅಂಗುಳವೇ ಜಾಸ್ತಿ ನೋಯುವುದುಂಟು. ಹೊಲಿಗೆ ಬಿಚ್ಚುವುದು ಒಂದೆರಡು ವಾರಕ್ಕೆ. ಅಲ್ಲಿಯವರೆಗೆ ಆ ಜಾಗದಲ್ಲಿ ಬ್ರಷ್ ಇಲ್ಲ, ತುಟಿ ಎತ್ತಿ ಎತ್ತಿ ನೋಡುವ ಹಾಗೂ ಇಲ್ಲ. ನೋಡಬೇಕು ಅನಿಸುತ್ತದೆ, ಆದರೆ ಹಾಗೆ ಎತ್ತಿದರೆ ಹೊಲಿಗೆ ಎಳೆದು ಕಸಿ ಕದಲುತ್ತದೆ.

ಬೇರು ಪೂರ್ತಿ ಮುಚ್ಚುತ್ತದೆಯಾ ಎನ್ನುವುದು ಹಲ್ಲುಗಳ ನಡುವಿನ ಮೂಳೆಯ ಮೇಲೆ ನಿಂತಿದೆ. ಕೈರೊ ಎಂಬ ಒಸಡಿನ ತಜ್ಞರ ಹೆಸರಿನ, 2011ರಲ್ಲಿ ಬಂದ ವರ್ಗೀಕರಣದಲ್ಲಿ ಒಸಡು ಸರಿಯುವುದನ್ನು ಆರ್‌ಟಿ (ರಿಸೆಷನ್ ಟೈಪ್) 1, 2, 3 ಎಂದು ಮೂರು ಬಗೆ ಮಾಡಿದ್ದಾರೆ. ನಡುವಿನ ಆಧಾರ ಕಳೆದುಹೋಗದೆ ಇದ್ದರೆ ಆರ್‌ಟಿ 1, ಅದರಲ್ಲಿ ಬೇರು ಪೂರ್ತಿ ಮುಚ್ಚುವ ಸಾಧ್ಯತೆ ಚೆನ್ನಾಗಿದೆ. ಆರ್‌ಟಿ 3 ಎಂದರೆ ಪೂರ್ತಿ ಮುಚ್ಚುವ ಆಸೆ ಇಟ್ಟುಕೊಳ್ಳಬಾರದು. ನಿಮ್ಮದು ಎಷ್ಟನೆಯದು ಎಂದು ಆಪರೇಷನ್‌ಗೆ ಒಪ್ಪುವ ಮುಂಚೆಯೇ ಕೇಳಿ. ಸಿಗರೇಟು ಬಿಡದಿದ್ದರೆ ಕಸಿ ಸರಿಯಾಗಿ ಹತ್ತುವುದು ಕಷ್ಟ. ಒಸಡಿನ ಕಾಯಿಲೆ ಇನ್ನೂ ಇರುವಾಗ, ಅಥವಾ ಜೋರಾಗಿ ಉಜ್ಜುವ ಅಭ್ಯಾಸ ಇನ್ನೂ ಹೋಗದೆ ಇರುವಾಗ ಮಾಡಿಸಿದರೆ ಖರ್ಚೂ ನೋವೂ ದಂಡ.

ಕಾಯಬಾರದ ಲಕ್ಷಣಗಳು

ಒಸಡಿನಿಂದ ಕೀವು ಬರುವುದು, ಹಲ್ಲು ಅಲ್ಲಾಡುವುದು ಅಥವಾ ಜಾಗ ಬಿಟ್ಟು ಸರಿಯುವುದು, ಕೆಲವೇ ವಾರಗಳಲ್ಲಿ ಒಸಡು ಕಣ್ಣಿಗೆ ಕಾಣುವಷ್ಟು ಇಳಿಯುವುದು, ಇವು ಕಂಡರೆ ಆ ವಾರವೇ ತೋರಿಸಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಒಸಡಿನ ಮೇಲಿದ್ದರೆ, ಅದರಲ್ಲೂ ತಂಬಾಕು ಹಾಕುವವರಲ್ಲಿ, ಅದನ್ನು ಒಸಡು ಸರಿದ ಲೆಕ್ಕಕ್ಕೆ ಹಾಕಬೇಡಿ, ಬೇರೆಯಾಗಿಯೇ ಪರೀಕ್ಷೆ ಮಾಡಿಸಿ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಅಪಾಯಿಂಟ್‌ಮೆಂಟ್ ಕಾಯುತ್ತಾ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.